ಹೂಚಕ್ರದ ಬದಲು

ಮಾರ್ಚ್ 11, ಸೋಮವಾರ

ಈಸ್ಟರಿನ ಮುಂಚಿನ ಉಪವಾಸದ ಮೊದಲ ದಿನ. ಪದ್ಧತಿಯಂತೆ ಊರಿಗೆ ಊರೇ ಗುಡ್ಡದ ಮೇಲೆ ಗಾಳಿಪಟ ಹಾರಿಸುತ್ತಿದೆ. ನಾನು ಮಾತ್ರ ಮನೆಯಲ್ಲಿ ಕೂತು ಈ ನೋಟುಬುಕ್ಕು ತೆರೆದಿದ್ದೇನೆ. ಅಂಚೆ ಕಚೇರಿಯಿಂದ ನಿವೃತ್ತಳಾದ ದಿನ ಕೊಟ್ಟದ್ದು ಇದು. ಐದು ವರ್ಷ ಖಾಲಿ ಬಿದ್ದಿತ್ತು. ಬರೆಯುವುದಕ್ಕೆ ಏನಿತ್ತು ಹೇಳಿ.

ಈಗ ಇದೆ. ಬೆಳಗ್ಗೆ ಪುರಸಭೆಯ ಅಧ್ಯಕ್ಷ ಬಾಗಿಲು ಬಡಿದ. ಕೈಯಲ್ಲಿ ಬೀಗದ ಕೈ.

"ಕಲ್ಯೋ ಅಕ್ಕ, ಗ್ರಂಥಾಲಯ ಮುಚ್ಚಿ ಹದಿನೈದು ದಿನ ಆಯ್ತು. ಮೊಸ್ಕೂಲಾ ಅಕ್ಕ ವಾಪಸ್ ಬರೋವರೆಗೂ ನೀವು ಸ್ವಲ್ಪ ನೋಡ್ಕೊಳ್ಳಿ."

"ಯಾಕಪ್ಪಾ, ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ?"

"ಪುಸ್ತಕ ಓದಿದೋರು ಬೇಕಾದಷ್ಟು ಸಿಕ್ಕಿದ್ರು. ಕೆಲಸ ಇಲ್ದೋರು ನೀವೊಬ್ರೇ."

ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಅವನೂ ಗಾಳಿಪಟದ ಕಡೆ ಓಡಿದ.

ಮೊಸ್ಕೂಲಾ ನನ್ನ ಅಕ್ಕ. ನನ್ನ ಬಾಯಲ್ಲಿ ಅವಳ ಹೆಸರು 'ಮನೆಯೊಡತಿ'. ಈ ದ್ವೀಪದಲ್ಲಿ ತಾಯಿಯ ಮನೆ ಹಿರಿಮಗಳಿಗೆ. ಎರಡನೆಯವಳಿಗೆ ಆಶೀರ್ವಾದ. ಮನೆಯಿಲ್ಲದ ಹುಡುಗಿಯನ್ನು ಯಾವ ಗಂಡೂ ಕೇಳಿಕೊಂಡು ಬರುವುದಿಲ್ಲ, ಹಾಗಾಗಿ ಅರವತ್ತನಾಲ್ಕು ವರ್ಷಕ್ಕೂ ನಾನು ಅಂಚೆ ಕಚೇರಿಯ ಮೇಲಿನ ಎರಡು ಕೋಣೆಯಲ್ಲೇ ಇದ್ದೇನೆ. ಅದನ್ನಾದರೂ ನುಂಗಿಕೊಂಡಿದ್ದೆ. ಹದಿನಾಲ್ಕು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ನಡೆದದ್ದನ್ನು ನುಂಗಲಿಕ್ಕಾಗಲಿಲ್ಲ. ನಾನು ದೊಡ್ಡ ದ್ವೀಪದಿಂದ ಹಡಗಿನಲ್ಲಿ ಶವಪೆಟ್ಟಿಗೆಯ ಮೇಲಿಡಲು ಬಿಳಿ ಹೂವಿನ ಚಕ್ರ ತರಿಸಿದ್ದೆ. ಮನೆಯೊಡತಿ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ದಳು: ಹೂಚಕ್ರದ ಬದಲು ಗ್ರಂಥಾಲಯಕ್ಕೆ ಪುಸ್ತಕ. ಬೇರೆ ಕಡೆ ಜನ ಹೂಚಕ್ರದ ಬದಲು ಆಸ್ಪತ್ರೆಗೋ ಅನಾಥಾಲಯಕ್ಕೋ ಏನಾದರೂ ಕೊಡುತ್ತಾರೆ. ನಮ್ಮೂರಲ್ಲಿ ಇವಳು ಗ್ರಂಥಾಲಯಕ್ಕೆ ಬಂದಮೇಲೆ ಒಂದು ಸಾವಿಗೆ ಒಂದು ಪುಸ್ತಕ. ನನ್ನ ಚಕ್ರವನ್ನು ನೋಡಿ ನಾಲ್ಕು ಜನರ ಎದುರಿಗೆ, "ಮೂರು ದಿನಕ್ಕೆ ಬಾಡೋ ಹೂವಿಗೆ ಇಷ್ಟೊಂದು ಆರ್ಭಟ ಯಾಕೆ?" ಅಂದಳು. ನಾನು ಅದನ್ನು ಎತ್ತಿಕೊಂಡು ಹೋಗಿ ಬಂದರಿನಲ್ಲಿ ನೀರಿಗೆ ಎಸೆದೆ. ಆವತ್ತಿನಿಂದ ಮಾತಿಲ್ಲ.

ಫೆಬ್ರವರಿಯಲ್ಲಿ ಅವಳಿಗೆ ಪಾರ್ಶ್ವವಾಯು ಬಡಿಯಿತು. ಹೆಲಿಕಾಪ್ಟರ್ ಬಂದು ಅಥೆನ್ಸಿಗೆ ಒಯ್ದಿತು. ಬಲಗೈ ಹೋಗಿದೆ, ಮಾತು ಹೋಗಿದೆ ಎಂದು ಕೇಳಿದೆ. ಸಂಕಟ ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಆಯಿತು. ಬೀದಿ ಬೆಕ್ಕಿಗೆ ಹಾಗಾಗಿದ್ದರೂ ಆಗುತ್ತಿತ್ತು.

ಒಪ್ಪಿದ್ದು ಹದಿನೈದು ದಿನಕ್ಕೆ ಮಾತ್ರ, ಅಧ್ಯಕ್ಷ ಕೇಳಿದ ಅಂತ. ಅವಳಿಗಾಗಿ ಅಲ್ಲ.

ಮಾರ್ಚ್ 14, ಗುರುವಾರ

ಹಳೆಯ ಶಾಲೆಯ ಎರಡು ಕೋಣೆ. ಒಳಗಿನದರಲ್ಲಿ ಮಕ್ಕಳ ಪುಸ್ತಕ, ಸರ್ಕಾರ ಕಳಿಸಿದ ಪುಸ್ತಕ. ಹೊರಗಿನ ದೊಡ್ಡ ಕೋಣೆಯಲ್ಲಿ ಸಾವಿನ ಪುಸ್ತಕಗಳು, ಎಣಿಸಿದೆ, ನಾನೂರ ಹನ್ನೆರಡು. ಮೊದಲ ಸಲ ಕಾಲಿಟ್ಟೆ ನಾನು ಇಲ್ಲಿ. ನಿಂತು ನೋಡಿ ತಲೆ ಚಿಟ್ಟು ಹಿಡಿಯಿತು. ಜೇನು ಸಾಕಣೆಯ ಪಕ್ಕ ಪ್ರೇಮಕಥೆ, ಅದರ ಪಕ್ಕ ಹಡಗಿನ ಎಂಜಿನ್, ಅದಕ್ಕೆ ಒರಗಿಕೊಂಡು ಸಂತರ ಚರಿತ್ರೆ. ಕೆಲವು ಹಲಗೆಗಳಲ್ಲಿ ಇಪ್ಪತ್ತು, ಕೆಲವದರಲ್ಲಿ ಎರಡೇ ಎರಡು. ಪಟ್ಟಿ ಅಂತ ಒಂದಿಲ್ಲ. ಸಾಲ ಕೊಟ್ಟ ಪುಸ್ತಕ ಬರೆಯುವ ದಪ್ಪ ವಹಿ ಒಂದಿದೆ, ಅಷ್ಟೆ.

ಮೂವತ್ತೊಂದು ವರ್ಷ ನಾನು ಈ ದ್ವೀಪದ ಕಾಗದಗಳನ್ನು ಅಕ್ಷರದ ಪ್ರಕಾರ ಗೂಡಿಗೆ ಹಾಕಿದವಳು. ಒಂದೂ ತಪ್ಪಿಲ್ಲ. ಇವಳಿಗೆ ಅಕ್ಷರಮಾಲೆ ಬರುವುದಿಲ್ಲವೋ ಏನೋ.

ಸೆವಸ್ತಿ ಬಂದಿದ್ದಳು. ನಮ್ಮ ಬೀದಿಯವಳೇ, ಎಪ್ಪತ್ತು ದಾಟಿದೆ, ಜೇನು ಸಾಕುತ್ತಿದ್ದ ಮಿನಾಸನ ವಿಧವೆ. ಜೇನಿನ ಪುಸ್ತಕ ಹುಡುಕದೆಯೇ ತೆಗೆದುಕೊಂಡಳು. ವಹಿ ನೋಡಿದರೆ, ಆರು ವರ್ಷದಿಂದ ಅದೊಂದೇ ಪುಸ್ತಕವನ್ನು ವಾರ ವಾರವೂ ಒಯ್ದು ಸೋಮವಾರ ತರುತ್ತಿದ್ದಾಳೆ. ಇಷ್ಟು ನಿಧಾನಕ್ಕೆ ಓದುವವರನ್ನು ನಾನು ನೋಡಿಲ್ಲ.

ಮಾರ್ಚ್ 29, ಶುಕ್ರವಾರ

ಹದಿನೈದು ದಿನ ಕಳೆಯಿತು. ಅಧ್ಯಕ್ಷ ಎದುರಿಗೆ ಸಿಕ್ಕರೆ ಬೇರೆ ಗಲ್ಲಿಗೆ ತಿರುಗುತ್ತಾನೆ.

ಈಸ್ಟರಿಗೆ ಊರೆಲ್ಲ ಸುಣ್ಣ ಹೊಡೆಯುತ್ತಿದೆ, ನಾನೂ ಈ ಗೋಡೆಗಳಿಗೆ ಹೊಡೆಸುತ್ತೇನೆ. ನಾಳೆಯಿಂದ ಬಾಗಿಲು ಮುಚ್ಚಿ ಪುಸ್ತಕ ಎಲ್ಲ ಇಳಿಸುವುದು. ಹೇಗೂ ಇಳಿಸುತ್ತೇನೆ, ಮತ್ತೆ ಇಡುವಾಗ ಮನುಷ್ಯರು ಇಡುವ ಹಾಗೆ ಇಡುತ್ತೇನೆ. ಬರೆದವರ ಹೆಸರಿನ ಮೊದಲಕ್ಷರದ ಪ್ರಕಾರ. ಮನೆಯೊಡತಿ ಬಂದು ನೋಡಲಿ.

ಏಪ್ರಿಲ್ 24, ಬುಧವಾರ

ಮುಗಿಯಿತು. ಆಲ್ಫಾದಿಂದ ಒಮೆಗಾವರೆಗೆ. ಬಿಳಿ ಗೋಡೆ, ನೆಟ್ಟಗೆ ನಿಂತ ನಾನೂರ ಹನ್ನೆರಡು ಬೆನ್ನು. ಒಂದು ಪುಸ್ತಕವನ್ನೂ ತೆರೆದು ನೋಡಲಿಲ್ಲ. ಹೊರಗಿನ ವಿಳಾಸ ಓದುವುದು ನನ್ನ ಕೆಲಸ, ಒಳಗಿನದು ಅವರವರದ್ದು. ಅಂಚೆಯಲ್ಲಿ ಕಲಿತ ಮರ್ಯಾದೆ.

ಸೊಂಟ ಬಿದ್ದುಹೋಗಿದೆ. ಆದರೂ ಎರಡು ಸಲ ಹಿಂದಿರುಗಿ ಬೀಗ ತೆಗೆದು ನೋಡಿ ಬಂದೆ.

ಏಪ್ರಿಲ್ 28, ಭಾನುವಾರ. ಈಸ್ಟರ್

ಮನೆಯೊಡತಿಯ ಮಗಳು ಫೋತಿನಿ ಅಥೆನ್ಸಿನಿಂದ ಫೋನ್ ಮಾಡಿದ್ದಳು. "ಕ್ರಿಸ್ತ ಎದ್ದ, ಚಿಕ್ಕಮ್ಮ." "ನಿಜವಾಗಿ ಎದ್ದ, ಮಗಳೇ." ಈಸ್ಟರಿನ ವಾಡಿಕೆಯ ನಮಸ್ಕಾರ. ಮಗುವಿನ ಮೇಲೆ ನನಗೇನು ಕೋಪ.

ಹಬ್ಬದ ಕೆಂಪು ಮೊಟ್ಟೆ ಕೈಗೆ ಕೊಟ್ಟರೆ ಅವಳಮ್ಮ ಅದನ್ನು 'ಟೋಪಿ' ಅಂದಳಂತೆ. ರೊಟ್ಟಿಗೆ 'ಹಡಗು'. ಯಾವ ಹೆಸರೂ ಇದ್ದ ಕಡೆ ಇಲ್ಲ. ಹೆಚ್ಚು ಹೊತ್ತು ಸುಮ್ಮನೆ ಗೋಡೆ ನೋಡುತ್ತಾ ಕೂತಿರುತ್ತಾಳಂತೆ.

"ಡಾಕ್ಟರ್ ಏನಂತಾರೆ ಅಂದ್ರೆ, ಹೆಸರು ಹೋಗಿದೆ, ಜಾಗಗಳು ಉಳ್ಕೊಂಡಿವೆ. ಯಾವ್ದು ಎಲ್ಲಿತ್ತು ಅನ್ನೋದು ಗೊತ್ತಿದೆ. ಅದನ್ನೇ ಹಿಡ್ಕೊಂಡು ಮಾತು ಹತ್ತಿ ಬರಬೇಕು. ಹಾಸಿಗೆ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಏನೋ ಜೋಡಿಸ್ತಾನೇ ಇರ್ತಾಳೆ. ಗ್ರಂಥಾಲಯ ಇರಬೇಕು. ಆಗಸ್ಟಿನಲ್ಲಿ ದೇವಮಾತೆಯ ಹಬ್ಬಕ್ಕೆ ಕರ್ಕೊಂಡು ಬರ್ತೀನಿ. ಅಲ್ಲಿ ಎಲ್ಲಾ ಹಾಗೇ ಇದೆ ತಾನೇ?"

"ಹಾಗಲ್ಲ, ಇನ್ನೂ ಚೆನ್ನಾಗಿದೆ" ಅಂದೆ.

ಮೇ 6, ಸೋಮವಾರ

ಇಂಥ ದಿನ ಶತ್ರುವಿಗೂ ಬೇಡ.

ಒಂಬತ್ತಕ್ಕೆ ಬಾಗಿಲು ತೆಗೆದೆ. ಮೊದಲು ಬಂದವಳು ಸೆವಸ್ತಿ. ಕಿಟಕಿಯ ಎದುರಿನ ಹಲಗೆಯತ್ತ ಹೋದಳು, ಕೈ ಚಾಚಿದಳು, ಹಾಗೇ ನಿಂತಳು. ಆಮೇಲೆ ನಿಧಾನಕ್ಕೆ ತಿರುಗಿದಳು.

"ಕಲ್ಯೋ, ನನ್ನ ಗಂಡನ್ನ ಎಲ್ಲಿಟ್ಟೆ?"

ಪಾಪ, ವಯಸ್ಸಾಯಿತು ಅಂದುಕೊಂಡೆ. "ಮಿನಾಸ್ ತೀರಿಹೋಗಿ ಆರು ವರ್ಷ ಆಯ್ತಲ್ಲ, ಸೆವಸ್ತಿ" ಅಂದೆ ಮೆಲ್ಲಗೆ.

"ನಂಗೆ ಗೊತ್ತಿಲ್ವೇನೇ ಅದು? ಹೂತವಳು ನಾನು! ಇಲ್ಲಿದ್ನಲ್ಲ, ಅವನ ತಮ್ಮನ ಪಕ್ಕ! ಎಲ್ಲಿ?"

ಅಷ್ಟರಲ್ಲಿ ಬೇಕರಿಯ ಆನೆಜಿನಾ ಒಳಗೆ ಬಂದಳು. ಒಂದು ಸುತ್ತು ನೋಡಿ ಅವಳು ಕೂಗಿದ ಕೂಗು ಬಂದರಿಗೆ ಕೇಳಿರಬೇಕು. "ಅಯ್ಯಯ್ಯೋ! ನನ್ನ ಅಮ್ಮನ್ನ ತಗೊಂಡ್ಹೋಗಿ ನನ್ನ ಅತ್ತೆ ಪಕ್ಕ ಇಟ್ಟಿದ್ದಾಳೆ! ಬದುಕಿದ್ದಾಗ ಇಬ್ರೂ ಒಂದೇ ಬೀದೀಲಿ ನಡೀತಿರಲಿಲ್ಲ ಕಣೇ!"

ಆಗ ತೆರೆದೆ ಪುಸ್ತಕವನ್ನು. ಮೊದಲ ಬಾರಿಗೆ. ಒಳಪುಟದಲ್ಲಿ ಮೊಸ್ಕೂಲಾಳ ದುಂಡು ಅಕ್ಷರ: 'ಹೂಚಕ್ರದ ಬದಲು. ಮಿನಾಸನ ನೆನಪಿಗೆ. ಸೆವಸ್ತಿ.' ಇನ್ನೊಂದು ತೆರೆದೆ, ಮತ್ತೊಂದು ತೆರೆದೆ. ಪ್ರತಿಯೊಂದರಲ್ಲೂ ಒಬ್ಬರು. ಕೊಟ್ಟವರ ಹೆಸರು ಇದೆ ಎಂದು ತಿಳಿದಿತ್ತು, ಆದರೆ ಇವಳು ಅವುಗಳನ್ನು ಪುಸ್ತಕ ಅಂತ ಜೋಡಿಸಿಯೇ ಇರಲಿಲ್ಲ. ಗಂಡನ ಪಕ್ಕ ಹೆಂಡತಿ, ಅಣ್ಣನ ಪಕ್ಕ ತಮ್ಮ, ಜಗಳವಾಡಿದವರ ನಡುವೆ ಒಬ್ಬ ಸಾಧು ಮನುಷ್ಯ. ಇಪ್ಪತ್ತಾರು ವರ್ಷದಿಂದ ಊರಿನ ಸತ್ತವರನ್ನೆಲ್ಲ ಅವರವರ ನೆರೆಹೊರೆ ನೋಡಿ ಕೂರಿಸಿದ್ದಾಳೆ. ಇಡೀ ಊರಿಗೆ ಗೊತ್ತಿದ್ದದ್ದು. ಒಂದು ದಿನವೂ ಈ ಬಾಗಿಲು ತುಳಿಯದ ನನಗೊಬ್ಬಳಿಗೆ ಹೇಳಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ.

ನಾನು ಅವರನ್ನು ಅಕ್ಷರಮಾಲೆಯ ಪ್ರಕಾರ ಹಂಚಿಬಿಟ್ಟಿದ್ದೇನೆ.

ಸೆವಸ್ತಿಗೆ ಅವಳ ಮಿನಾಸನನ್ನು ಹುಡುಕಿ ಕೊಟ್ಟೆ. ಎದೆಗೆ ಒತ್ತಿಕೊಂಡು ನನ್ನ ಮುಖ ನೋಡದೆ ಹೋದಳು.

ಮೇ 7, ಮಂಗಳವಾರ

ಪಾದ್ರಿ ನಿಕೀತಾಸ್ ಬಂದರು. ಬಾಗಿಲಲ್ಲೇ ನಿಂತು ಗಡ್ಡ ಸವರಿದರು.

"ಸ್ಮಶಾನದಲ್ಲಿ ಜಾಗ ಸಾಲಲ್ಲ ಅಂತ ಹೂತ ಮೂರು ವರ್ಷಕ್ಕೆ ನಾನು ಗೋರಿ ತೆಗೆದು ಮೂಳೆ ತೊಳೆದು ಪೆಟ್ಟಿಗೇಲಿ ಇಡ್ತೀನಿ, ಕಲ್ಯೋ. ನಲವತ್ತು ವರ್ಷದ ಸೇವೇಲಿ ಒಂದು ಬೆರಳಿನ ಮೂಳೆ ಆಚೀಚೆ ಆಗಿಲ್ಲ. ನೀನು ಒಂದೇ ಉಪವಾಸದಲ್ಲಿ ಊರನ್ನೇ ಕಲಸಿಬಿಟ್ಯಲ್ಲಮ್ಮ!"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅತ್ತುಬಿಟ್ಟೆ. ಅವರು ಗಾಬರಿಯಾಗಿ ಜೇಬಿನಿಂದ ಒಣ ಅಂಜೂರ ತೆಗೆದು ಕೊಟ್ಟರು.

ಮೇ 9, ಗುರುವಾರ

ಆಗಸ್ಟ್ ಹತ್ತಕ್ಕೆ ಅವಳು ಬರುತ್ತಾಳೆ. ಉಳಿದದ್ದು ಜಾಗಗಳು ಮಾತ್ರ ಎಂದಿದ್ದಾರೆ ಡಾಕ್ಟರ್. ಆ ಜಾಗಗಳೇ ಇಲ್ಲ.

ಮೇ 20, ಸೋಮವಾರ

ಬಾಗಿಲಿಗೆ ಚೀಟಿ ಅಂಟಿಸಿದ್ದೇನೆ: ನಿಮ್ಮವರು ಎಲ್ಲಿದ್ದರು, ಯಾರ ಪಕ್ಕ ಇದ್ದರು, ದಯವಿಟ್ಟು ಬಂದು ತೋರಿಸಿ.

ಬರುತ್ತಿದ್ದಾರೆ. ಬೈಯುತ್ತಲೇ ಬರುತ್ತಾರೆ, ಬಂದಮೇಲೆ ಕೂರುತ್ತಾರೆ, ಕೂತಮೇಲೆ ಏಳುವುದಿಲ್ಲ. ಒಬ್ಬೊಬ್ಬರಿಗೆ ಅವರವರ ಎಡ ಬಲ ಗೊತ್ತು. ಒಂದು ಹಲಗೆ ಸರಿಯಾಗಲು ನಾಲ್ಕು ಮನೆಯವರು ಸೇರಬೇಕು. ನಾನು ಪುಸ್ತಕ ಹಿಡಿದುಕೊಂಡು ನಿಂತಿರುತ್ತೇನೆ, ಅವರು ಸತ್ತವರ ಕಥೆ ಹೇಳುತ್ತಾ ಮುಂದೆ ತಳ್ಳು, ಹಿಂದೆ ತಳ್ಳು ಅನ್ನುತ್ತಾರೆ. ಯಾರು ಯಾರ ಜೊತೆ ಇಸ್ಪೀಟಾಡುತ್ತಿದ್ದರು, ಯಾರಿಗೆ ಒಂದು ಕಿವಿ ಕೇಳುತ್ತಿರಲಿಲ್ಲ ಆದ್ದರಿಂದ ಹೆಂಡತಿಯನ್ನು ಯಾವ ಕಡೆ ಇಡಲಾಗಿತ್ತು, ಎಲ್ಲ. ಇಷ್ಟು ವರ್ಷ ಇವರಿಗೆಲ್ಲ ಕಾಗದ ಕೊಟ್ಟಿದ್ದೆ. ಇಷ್ಟು ಮಾತಾಡಿರಲಿಲ್ಲ.

ಇವತ್ತು ಕಪ್ತಾನ ಲಿನಾರ್ದೋಸ್ ಬಂದಿದ್ದ, ಎಂಬತ್ತೆಂಟು ವರ್ಷದವನು. ತನ್ನ ತಮ್ಮನ ಪುಸ್ತಕ ಕೈಗೆತ್ತಿಕೊಂಡು ಸೀದಾ ಕಿಟಕಿಯ ಹತ್ತಿರಕ್ಕೆ ಹೋದ.

"ಇಲ್ಲಿ ಬಾ ಹುಡುಗಿ. ಮುಳುಗಿದವರೆಲ್ಲ ಈ ಕಡೆ. ಹನ್ನೊಂದು ಜನ. ಇಲ್ಲಿಂದ ಬಂದರು ಕಾಣತ್ತೆ."

"ಎಲ್ಲರನ್ನೂ ಒಟ್ಟಿಗೇನಾ? ಬೇರೆ ಬೇರೆ ಮನೆಯವರಲ್ವಾ?"

"ಸಿಕ್ಕಲೇ ಇಲ್ಲವಲ್ಲ ಅವರು. ಗೋರಿ ಎಲ್ಲಿದೆ ಅವರಿಗೆ? ಇದೇ. ಒಟ್ಟಿಗಿರಲಿ ಅಂದ್ಲು ನಿಮ್ಮಕ್ಕ. ಹಡಗು ಬಂದಾಗೆಲ್ಲ ಕಿಟಕಿ ತೆಗೆದಿಡೋಳು."

ನಾನು ಸುಣ್ಣದ ನೆಪದಲ್ಲಿ ಅಲ್ಲಿದ್ದ ಹಲಗೆಯನ್ನು ಕಿಟಕಿಯಿಂದ ದೂರ ಸರಿಸಿದ್ದೆ. ಇಬ್ಬರೂ ಸೇರಿ ಹಿಂದಕ್ಕೆ ಎಳೆದೆವು. ಮಧ್ಯಾಹ್ನ ಹಡಗು ಬಂದಾಗ ಎದ್ದು ಕಿಟಕಿ ತೆಗೆದೆ. ಗಾಳಿ ಬರಲಿ ಅಂತ.

ಜೂನ್ 3, ಸೋಮವಾರ

ಮುನ್ನೂರಕ್ಕೆ ಬಂದು ನಿಂತಿದೆ. ಉಳಿದವರಿಗೆ ಹೇಳಿಕೊಳ್ಳುವವರು ಊರಲ್ಲಿ ಉಳಿದಿಲ್ಲ, ಇಲ್ಲವೇ ಇಬ್ಬರು ಎರಡು ಜಾಗ ಹೇಳುತ್ತಾರೆ. ಮೇಲಾಗಿ ಕಳ್ಳಾಟ ಬೇರೆ. ಆನೆಜಿನಾ ಬಿಸಿ ಬಿಸಿ ಎಳ್ಳಿನ ರೊಟ್ಟಿ ತಂದುಕೊಟ್ಟು ನನ್ನ ಕಿವಿಯಲ್ಲಿ, "ನನ್ನ ಅತ್ತೆ ಇದ್ದದ್ದು ಕೆಳಗಿನ ಹಲಗೇಲಿ ಅಂತ ಮಾಡ್ಬಿಡು, ಬಾಗಿಲ ಹಿಂದೆ. ಯಾರಿಗೆ ಗೊತ್ತಾಗತ್ತೆ?" ಅಂದಳು. ರೊಟ್ಟಿ ತಿಂದೆ. ಅತ್ತೆಯನ್ನು ಮೇಜಿನ ಮೇಲೇ ಇಟ್ಟುಕೊಂಡೆ.

ಗೊತ್ತಿರುವವಳು ಒಬ್ಬಳೇ. ಮೂರು ದಿನ ಫೋನಿನ ಸುತ್ತ ಸುತ್ತಿದೆ. ಇವತ್ತು ಸಂಜೆ ಫೋತಿನಿಗೆ ಮಾಡಿ, ಫೋನನ್ನು ಅವಳ ಕಿವಿಗೆ ಹಿಡಿ ಅಂದೆ.

"ಮೊಸ್ಕೂಲಾ, ನಾನು ಕಲ್ಯೋ."

ಆ ಕಡೆ ಉಸಿರು ಕೇಳಿಸಿತು. ಹದಿನಾಲ್ಕು ವರ್ಷದಿಂದ ಏನೇನೋ ಹೇಳಬೇಕು ಅಂದುಕೊಂಡಿದ್ದವಳು ನೇರ ತಪ್ಪೊಪ್ಪಿಗೆಗೇ ಬಂದೆ.

"ನಿನ್ನ ಪುಸ್ತಕಗಳನ್ನ ನಾನು ಅಕ್ಷರದ ಪ್ರಕಾರ ಜೋಡಿಸಿಬಿಟ್ಟೆ. ದೊಡ್ಡ ಕೋಣೇದು. ಎಲ್ಲಾ. ನಂಗೆ ಗೊತ್ತಿರಲಿಲ್ಲ ಕಣೇ."

ಆಮೇಲೆ ಏನೋ ಧಡಾರ್ ಎಂದಿತು. ಮತ್ತೆ ಪಾರ್ಶ್ವವಾಯು ಬಡಿಯಿತು, ನಾನೇ ಕೊಂದೆ ಅಂದುಕೊಂಡೆ. ಫೋತಿನಿ ಕೂಗುತ್ತಿದ್ದಳು, "ಚಿಕ್ಕಮ್ಮ! ಏನು ಹೇಳಿದ್ರಿ? ಅಮ್ಮ ಊಟದ ತಟ್ಟೆ ಎಸೆದ್ಲು!"

"ಅಯ್ಯೋ ದೇವರೇ!"

"ಅಲ್ಲ ಚಿಕ್ಕಮ್ಮ, ಮೂರು ತಿಂಗಳಿಂದ ಗೊಂಬೆ ಥರ ಕೂತಿದ್ಲು. ಈಗ ನನ್ನ ಕೈಯಿಂದ ಫೋನ್ ಕಿತ್ಕೊಳ್ತಿದ್ದಾಳೆ ನೋಡಿ!"

ಆಮೇಲೆ ಅವಳ ದನಿ. "ಮೀನು!" ಅಂದಳು ಮೊಸ್ಕೂಲಾ. "ಮೀನು, ಮೀನು! ಏಣಿ! ಉಪ್ಪು ನೀನು, ಉಪ್ಪು, ಉಪ್ಪು!" ಮಾತು ಒಂದೂ ಸರಿಯಿರಲಿಲ್ಲ, ರಾಗ ಸರಿಯಿತ್ತು. ಚಿಕ್ಕವಳಿದ್ದಾಗ ಅವಳ ಹೊಸ ಚಪ್ಪಲಿ ನಾನು ಸಮುದ್ರಕ್ಕೆ ಬಿಟ್ಟಾಗ ಬೈದದ್ದೂ ಇದೇ ರಾಗದಲ್ಲಿ.

"ಬೈಯಿ" ಅಂದೆ. "ಬೈಯಿ, ಇನ್ನೂ ಬೈಯಿ."

ಜೂನ್ 17, ಸೋಮವಾರ

ದಿನಾ ಸಂಜೆ ಆರಕ್ಕೆ ಫೋನ್. ನಾನು ಒಂದು ಹಲಗೆಯ ಹೆಸರುಗಳನ್ನು ಎಡದಿಂದ ಬಲಕ್ಕೆ ಓದುತ್ತೇನೆ. ಸರಿಯಿದ್ದರೆ ಸುಮ್ಮನಿರುತ್ತಾಳೆ. ತಪ್ಪಿದರೆ ನಾಲಿಗೆ ಚಪ್ಪರಿಸುತ್ತಾಳೆ, ತ್ಸ್. ನಮ್ಮೂರಲ್ಲಿ 'ಇಲ್ಲ' ಅನ್ನುವುದಕ್ಕೆ ನಾವು ಯಾರೂ ಬಾಯಿ ತೆರೆಯುವುದಿಲ್ಲ. ಹುಬ್ಬೆತ್ತಿ ತ್ಸ್ ಅಂದರೆ ಸಾಕು. ಹುಬ್ಬು ಇಲ್ಲಿಂದಲೇ ಕಾಣುತ್ತದೆ ನನಗೆ.

"ಯೂಲಾ, ಅವಳ ಪಕ್ಕ ಅವಳ ಗಂಡ."

"ತ್ಸ್."

"ಗಂಡನ ಪಕ್ಕ ಬೇಡ್ವಾ? ಅವಳ ತಂಗಿ?"

ಸುಮ್ಮನೆ. ತಂಗಿಯೇ ಸರಿ. ಆ ಗಂಡ ಕುಡಿದು ಹೊಡೆಯುತ್ತಿದ್ದದ್ದು ಆಮೇಲೆ ನೆನಪಾಯಿತು.

ಆನೆಜಿನಾಳ ಅತ್ತೆಯನ್ನು ಬಾಗಿಲ ಹಿಂದೆ ಇಡಲಾ ಎಂದು ಬೇಕೆಂದೇ ಕೇಳಿದೆ. ಎಷ್ಟು ಸಲ ತ್ಸ್ ತ್ಸ್ ಅಂದಳೆಂದರೆ ಫೋತಿನಿಗೆ ಕೆಮ್ಮು ಬರುವಷ್ಟು ನಗು.

ಒಂದು ಗಂಟೆ ಆಗುತ್ತದೆ. ಇಬ್ಬರೂ ಬೇರೆ ಮಾತಾಡುವುದಿಲ್ಲ. ಫೋನ್ ಇಟ್ಟಮೇಲೆ ಕೋಣೆ ಬಹಳ ಖಾಲಿ ಅನಿಸುತ್ತದೆ. ಪುಸ್ತಕ ಓದುವುದು ಶುರುಮಾಡಿದ್ದೇನೆ, ಹೊತ್ತು ಹೋಗಬೇಕಲ್ಲ. ಜೇನುಹುಳು ರಾಣಿಗೆ ಬೆನ್ನು ತೋರಿಸುವುದಿಲ್ಲವಂತೆ. ಸೆವಸ್ತಿಗೆ ಹೇಳಿದರೆ, "ಮಿನಾಸೂ ಹಾಗೇ ಹೇಳ್ತಿದ್ದ, ನಂಗೆ ಬೆನ್ನು ತೋರಿಸಿಯೇ ಮಲಗ್ತಿದ್ದ" ಅಂದಳು.

ಜುಲೈ 2, ಮಂಗಳವಾರ

ನಾನೂರ ಹತ್ತು ಮುಗಿದವು. ಉಳಿದದ್ದು ಅಪ್ಪ, ಅಮ್ಮ. ಅವರಿಬ್ಬರನ್ನು ಎಲ್ಲಿಡುವುದು ಎಂದು ಅಕ್ಕನನ್ನು ಕೇಳಲಿಲ್ಲ. ಪ್ರತಿ ಸಂಜೆ ನಾಳೆ ಕೇಳುತ್ತೇನೆ ಅಂದುಕೊಂಡು ಬಿಟ್ಟೆ.

ಅಮ್ಮನದು ಹಕ್ಕಿಗಳ ಚಿತ್ರದ ಪುಸ್ತಕ. ಓದು ಬರದವಳಿಗೆ ಅಕ್ಕ ಸರಿಯಾದದ್ದನ್ನೇ ಆರಿಸಿದ್ದಾಳೆ. ಒಳಪುಟ ತೆರೆಯಲು ಎರಡು ದಿನ ಬೇಕಾಯಿತು. 'ಹೂಚಕ್ರದ ಬದಲು. ಅಮ್ಮನ ನೆನಪಿಗೆ. ಮೊಸ್ಕೂಲಾ ಮತ್ತು ಕಲ್ಯೋ.'

ನನ್ನನ್ನು ಕೇಳದೆ ನನ್ನ ಹೆಸರು ಬರೆದಿದ್ದಾಳೆ. ಎಂಥ ಧಿಮಾಕು ನೋಡಿ. ಸಿಟ್ಟಿಗೆ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಮತ್ತೆ ತೆರೆದು ನೋಡಿದೆ.

ಜುಲೈ 19, ಶುಕ್ರವಾರ

ಅಪ್ಪ ಅಮ್ಮನ ಹಲಗೆ ಯಾವುದು ಅಂತ ಊರವರಿಗೆ ಗೊತ್ತು: ಅಕ್ಕನ ಮೇಜಿನ ಹಿಂದಿನದು, ಅವಳ ಕುರ್ಚಿಯ ಬೆನ್ನಿಗೆ. ಆದರೆ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಅವಳು ಅಲ್ಲೇ ಕೂತಿರುತ್ತಿದ್ದಳು, ಹಿಂದೆ ಹೋಗಿ ನೋಡಿದವರಿಲ್ಲ.

ಗಿಡ್ಡ ಹಲಗೆ ಅದು. ಅಪ್ಪ, ಅಮ್ಮ, ಇಬ್ಬರನ್ನೂ ಒತ್ತಿ ಇಟ್ಟೆ. ಪಕ್ಕದಲ್ಲಿ ಬಿಕೋ ಅನ್ನುತ್ತಿತ್ತು. ಒಳಕೋಣೆಯಿಂದ ಸರ್ಕಾರದ ಪುಸ್ತಕ ಮೂರು ತಂದು ತುಂಬಿದೆ. ಈಗ ಚೆಂದ ಕಾಣುತ್ತದೆ.

ಅಕ್ಕ ನಿನ್ನೆ ರೊಟ್ಟಿಗೆ ರೊಟ್ಟಿ ಅಂದಳಂತೆ, ಫೋತಿನಿ ಹೇಳಿದಳು. ಒಂದೇ ಸಲ. ಮತ್ತೆ ಹಡಗು.

ಆಗಸ್ಟ್ 9, ಶುಕ್ರವಾರ

ನಾಳೆ. ಗಾಜು ಮೂರು ಸಲ ಒರೆಸಿದೆ. ಬಾರ್ಲಿ ರೊಟ್ಟಿ, ಟೊಮೇಟೊ, ಅಂಜೂರ ತಂದಿಟ್ಟಿದ್ದೇನೆ. ಅವಳ ಮನೆಯ ಕಿಟಕಿ ಎಲ್ಲ ತೆಗೆದು ಗಾಳಿಯಾಡಿಸಿ ಬಂದೆ. ಅಮ್ಮನ ಮಂಚ ಅಲ್ಲೇ ಇದೆ. ಅದರ ಮೇಲೆ ಒಂದು ಗಳಿಗೆ ಕೂತಿದ್ದೆ.

ಅವಳು ಬಂದು ಒಳಗೆ ನೋಡಿ ತ್ಸ್ ಅಂದುಬಿಟ್ಟರೆ ಏನು ಮಾಡುವುದು? ಅಥವಾ ಏನೂ ಗುರುತು ಹತ್ತದೆ ಗೋಡೆ ನೋಡುತ್ತಾ ಕೂತುಬಿಟ್ಟರೆ? ಅದಕ್ಕಿಂತ ತ್ಸ್ ಅನ್ನಲಿ.

ಆಗಸ್ಟ್ 10, ಶನಿವಾರ

ಇವತ್ತೇ ಬರೆದುಬಿಡಬೇಕು, ಅಕ್ಷರ ಹೇಗೆ ಬರುತ್ತದೋ ಬರಲಿ.

ಹನ್ನೊಂದಕ್ಕೆ ಹಡಗು ಬಂತು. ಅಕ್ಕ ಸಣ್ಣಗಾಗಿದ್ದಾಳೆ. ಬಾಯಿ ಒಂದು ಕಡೆಗೆ ಎಳೆದಿದೆ, ಕೂದಲು ಪೂರಾ ಬೆಳ್ಳಗೆ. ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. "ಪ್ರಯಾಣ ಸುಖವಾಗಿತ್ತಾ?" ಅಂತ ಕೇಳಿದೆ, ಪೆದ್ದಿಯ ಹಾಗೆ. ಮೇಲೂರಿನ ಮೆಟ್ಟಿಲಿಗೆ ಗಾಲಿಕುರ್ಚಿ ಹತ್ತುವುದಿಲ್ಲ. ಕಪ್ತಾನ ಲಿನಾರ್ದೋಸ್ ತನ್ನ ಕತ್ತೆ ತಂದಿದ್ದ. ಒಂದು ಕಡೆ ನಾನು, ಒಂದು ಕಡೆ ಫೋತಿನಿ ಹಿಡಿದುಕೊಂಡು ಹತ್ತಿಸಿದೆವು. ಮನೆಯ ತಿರುವು ಬಂದಾಗ ಅಕ್ಕ ಎಡಗೈಯಿಂದ ಕತ್ತೆಯ ಕತ್ತನ್ನು ಬೇರೆ ಕಡೆಗೆ ತಳ್ಳಿದಳು.

"ಅಮ್ಮ, ಮೊದಲು ಮನೆಗೆ ಹೋಗೋಣ, ಸುಸ್ತಾಗಿದೀಯ" ಅಂದಳು ಫೋತಿನಿ.

"ತ್ಸ್."

ಗ್ರಂಥಾಲಯದ ಎದುರು ಅರ್ಧ ಊರು ನಿಂತಿತ್ತು, ಹಬ್ಬದ ಬಟ್ಟೆ ಹಾಕಿಕೊಂಡು. ನನ್ನ ತೋಳು ಹಿಡಿದು ಅಕ್ಕ ಒಳಗೆ ನಡೆದಳು, ಒಂದು ಕಾಲು ಎಳೆದುಕೊಂಡು. ಬಿಳಿ ಗೋಡೆ ನೋಡಿದಳು. ಬಾಗಿಲಿನಿಂದ ಶುರುಮಾಡಿ ಎಡಗೈ ಬೆರಳನ್ನು ಪುಸ್ತಕಗಳ ಬೆನ್ನಿನ ಮೇಲೆ ಎಳೆಯುತ್ತಾ ಹೋದಳು. ಆ ಬೆರಳು ಎಲ್ಲಿ ನಿಲ್ಲುತ್ತದೋ ಎಂದು ಅದರ ಮೇಲೇ ಕಣ್ಣಿಟ್ಟು ನಡೆದೆ. ಮಿನಾಸ್, ಅವನ ತಮ್ಮ. ಯೂಲಾ, ಅವಳ ತಂಗಿ. ಆನೆಜಿನಾಳ ಅತ್ತೆಯ ಹತ್ತಿರ ಬಂದಾಗ ಹಿಂದಿರುಗಿ ಆನೆಜಿನಾಳನ್ನೇ ಒಂದು ನೋಟ ನೋಡಿದಳು. ಅವಳು ಫೋತಿನಿಯ ಹಿಂದೆ ಅಡಗಿಕೊಂಡಳು. ಕಿಟಕಿಯ ಹಲಗೆಯಲ್ಲಿ ಹನ್ನೊಂದೂ ಜನರ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ನಿಂತಳು. ಎಲ್ಲೂ ತ್ಸ್ ಅನ್ನಲಿಲ್ಲ. ಸೆವಸ್ತಿ ಬಿಕ್ಕುವುದು ಕೇಳಿಸಿತು.

ಕೊನೆಗೆ ಅವಳ ಮೇಜಿನ ಹಿಂದಕ್ಕೆ ಬಂದೆವು.

ಅಪ್ಪನನ್ನು ಮುಟ್ಟಿದಳು, ಅಮ್ಮನನ್ನು ಮುಟ್ಟಿದಳು. ಆಮೇಲಿನ ಪುಸ್ತಕದ ಮೇಲೆ ಬೆರಳು ನಿಂತಿತು. ಮುಖ ಬದಲಾಯಿತು. ಅದನ್ನು ಎಳೆದು ನೆಲಕ್ಕೆ ಬಿಟ್ಟಳು. ಎರಡನೆಯದನ್ನೂ ಎಳೆದಳು.

"ಅಕ್ಕ, ಅದು ಖಾಲಿ ಇತ್ತಲ್ಲ ಅಂತ ನಾನೇ ಇಟ್ಟೆ" ಅಂದೆ. "ಯಾರನ್ನಾದರೂ ಬಿಟ್ಟಿದ್ದೀನಾ? ಯಾರಿದ್ದರು ಇಲ್ಲಿ? ಹೇಳು, ಯಾರು?"

ಅವಳ ತುಟಿ ಅಲುಗಿತು. "ದೋಣಿ" ಅಂದಳು. "ದೋಣಿ... ಕಿಟಕಿ..." ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಸಿಗಲಿಲ್ಲ ಮಾತು. ಕಣ್ಣು ತೆರೆದು, ಎಡಗೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡಳು. ಅದೇ ಕೈಯನ್ನು ಅಮ್ಮನ ಪಕ್ಕದ ಖಾಲಿ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿದಳು, ಒಂದು ಪುಸ್ತಕದ ಹಾಗೆ. ನನಗೆ ಅರ್ಥವಾಗುವ ಮೊದಲೇ ನನ್ನ ಮಣಿಕಟ್ಟು ಹಿಡಿದು ಎಳೆದು ನನ್ನ ಕೈಯನ್ನೂ ಒಳಗೆ ತೂರಿಸಿದಳು, ತನ್ನದರ ಪಕ್ಕಕ್ಕೆ.

ಯಾರನ್ನೂ ಬಿಟ್ಟಿರಲಿಲ್ಲ ನಾನು. ಅಲ್ಲಿ ಇನ್ನೂ ಯಾರೂ ಬಂದಿರಲಿಲ್ಲ. ಒಂದು ಅವಳ ಜಾಗ. ಪಕ್ಕದ್ದು ನನ್ನದು.

ಎರಡು ಕೈ ಹಿಡಿಯಲಿಲ್ಲ ಅಲ್ಲಿ, ಇಕ್ಕಟ್ಟಾಯಿತು. ಅಕ್ಕ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಮೂರನೆಯ ಪುಸ್ತಕವನ್ನೂ ಎಳೆದು ಹಾಕಿದಳು. ಆಮೇಲೆ ನನ್ನ ಪಕ್ಕೆಗೆ ಬೆರಳಿನಿಂದ ತಿವಿದು, ಇಡೀ ಕೋಣೆಗೆ ಕೇಳುವಂತೆ, ಸ್ಪಷ್ಟವಾಗಿ ಅಂದಳು:

"ದಪ್ಪ."

ಊರೇ ಘೊಳ್ಳೆಂದು ನಕ್ಕಿತು. ಫೋತಿನಿ ಅಳುತ್ತಿದ್ದಳು. ಅಕ್ಕ ಆಗಲೇ ಹಲಗೆಯ ಕಡೆಗೆ ತಿರುಗಿದ್ದಳು. ಎಡಗೈಯ ಅಂಗಿತೋಳಿನ ತುದಿಯನ್ನು ಬೆರಳಲ್ಲೇ ಹಿಡಿದುಕೊಂಡು ಆ ಖಾಲಿ ಮರವನ್ನು ಒರೆಸುತ್ತಿದ್ದಳು, ಮೊದಲು ತನ್ನ ಕಡೆ, ಆಮೇಲೆ ನನ್ನ ಕಡೆ, ಮೂಲೆಯಲ್ಲಿ ಒಂದು ಸುತ್ತು. ಕೈಗೆ ರೂಢಿಯಾದ ಕೆಲಸ ಅಂತ ನೋಡಿದರೇ ತಿಳಿಯುತ್ತಿತ್ತು. ಬೀದಿಯಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸಿದ ಅಷ್ಟೂ ವರ್ಷ, ದಿನಾ ಬೆಳಗ್ಗೆ ಬಂದು ಅವಳು ನನ್ನ ಜಾಗದ ಧೂಳು ಒರೆಸಿದ್ದಾಳೆ.